42 ಡಿಗ್ರಿಯ ಷಡ್ಜ

ಗೆ,
ಅಹಮದಾಬಾದ್, ವಡೋದರಾ, ಸೂರತ್ ನಗರಗಳ ಸಮಸ್ತ ಕಾರ್ಯಕ್ರಮ ಸಂಯೋಜಕರು, ಮದುವೆ ಗುತ್ತಿಗೆದಾರರು, ಸಂಘಗಳ ಸಾಂಸ್ಕೃತಿಕ ಕಾರ್ಯದರ್ಶಿಗಳು ಮತ್ತು ಎ.ಸಿ. ರಿಮೋಟ್ ಹಿಡಿದು ಮೊದಲ ಸಾಲಿನಲ್ಲಿ ಕೂರುವ ಮಹನೀಯರು

ಮಾನ್ಯರೇ,

ತಮ್ಮ ಏರ್ಪಾಟಿನಲ್ಲಿ ಎಲ್ಲಿಯೂ ಕೊರತೆಯಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಅಹಮದಾಬಾದಿನ ಎಸ್.ಜಿ. ಹೈವೇ ಪಕ್ಕದ ಪಾರ್ಟಿ ಪ್ಲಾಟಿನಲ್ಲಿ ಮದುವೆ ಎಂದರೆ ತಾವು ಬಿಸಿಲನ್ನು ಎಷ್ಟು ಗಂಭೀರವಾಗಿ ಪರಿಗಣಿಸುತ್ತೀರಿ ಎಂಬುದನ್ನು ಕಣ್ಣಾರೆ ಕಂಡವನು ನಾನು. ಛಾಸ್‌ಗೆ, ಅಂದರೆ ಮಜ್ಜಿಗೆಗೆ, ಮಂಜುಗಡ್ಡೆ ಇರುತ್ತದೆ. ವರನ ಕುದುರೆಗೆ ನೆರಳೂ ಬಕೆಟ್ ನೀರೂ ಇರುತ್ತವೆ. ವಧುವಿನ ಮೇಕಪ್ ಕರಗದಿರಲೆಂದು ಬೇರೆಯೇ ಎ.ಸಿ. ಕೋಣೆ. ಡ್ರೋನ್ ಹಾರಿಸುವವನ ಬ್ಯಾಟರಿ ಕಾಯಬಾರದೆಂದು ಹುಡುಗನೊಬ್ಬ ಕೊಡೆ ಹಿಡಿದು ನಿಂತಿರುತ್ತಾನೆ. ನೀರಿನ ತುಂತುರು ಎರಚುವ ಫ್ಯಾನುಗಳು ನಾಲ್ಕೂ ದಿಕ್ಕಿಗೆ. ಇಷ್ಟೆಲ್ಲ ಮಾಡಿದವರಿಗೆ, ವೇದಿಕೆಯ ಮೂಲೆಯಲ್ಲಿ ಕೂತ ಒಬ್ಬನ ಬಿದಿರಿನೊಳಗೂ ಗಾಳಿಯಿದೆ, ಅದೂ ಕಾಯುತ್ತದೆ ಎಂಬುದು ನೆನಪಾಗದೆ ಹೋದರೆ ಅದೇನು ದೊಡ್ಡ ಲೋಪವಲ್ಲ. ಛಾಸ್‌ನಂತೆ ಅದು ಹುಳಿಯಾಗುವುದಿಲ್ಲವಲ್ಲ.

ಆದರೆ ಮದುವೆ ಮುಗಿದ ರಾತ್ರಿ ತಮ್ಮಲ್ಲೊಬ್ಬರು ವಾಟ್ಸ್ಆ್ಯಪ್ ಗುಂಪಿನಲ್ಲಿ ಹೀಗೆ ಬರೆದರು: ಊಟ ಭರ್ಜರಿ, ಮಂಟಪ ಅದ್ಭುತ, ಕೊಳಲು ಮಾತ್ರ ಅಪಶ್ರುತಿ. ಕೆಳಗೆ ಸಾಲುಸಾಲಾಗಿ ಹೆಬ್ಬೆರಳುಗಳು. ಆ ಹೆಬ್ಬೆರಳುಗಳಿಗೆ ಉತ್ತರವಾಗಿ ಈ ಪತ್ರ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಈ ಗಾದೆ ತಮ್ಮ ನಾಲಗೆಯ ತುದಿಗೆ ಬಂದಿದೆ ಎಂದು ಬಲ್ಲೆ. ದಯವಿಟ್ಟು ಅಲ್ಲೇ ತಡೆದುಕೊಳ್ಳಿ. ಏಕೆಂದರೆ ಇಲ್ಲಿ ನೆಲ ನಿಜವಾಗಿಯೂ ಡೊಂಕಾಗುತ್ತದೆ, ಎಷ್ಟು ಡೊಂಕು ಎಂಬುದಕ್ಕೆ ಲೆಕ್ಕವೂ ಇದೆ.

ಕೊಳಲಿನಲ್ಲಿ ನುಡಿಯುವುದು ಬಿದಿರಲ್ಲ, ಬಿದಿರಿನೊಳಗಿನ ಗಾಳಿ. ಆ ಗಾಳಿಯಲ್ಲಿ ಶಬ್ದ ಎಷ್ಟು ವೇಗವಾಗಿ ಓಡಾಡುತ್ತದೋ ಸ್ವರ ಅಷ್ಟು ಮೇಲೇರುತ್ತದೆ. ಸೊನ್ನೆ ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 331 ಮೀಟರ್. ಒಂದೊಂದು ಡಿಗ್ರಿ ಏರಿದಂತೆ ಅದಕ್ಕೆ 0.6 ಮೀಟರ್ ಕೂಡುತ್ತ ಹೋಗುತ್ತದೆ. 20 ಡಿಗ್ರಿಯಲ್ಲಿ 343, 42 ಡಿಗ್ರಿಯಲ್ಲಿ 356. ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ ಇರುವ ದೂರವನ್ನು 100 ಸೆಂಟು ಎಂದು ಹಂಚಿಕೊಂಡರೆ, ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದಾಗ ಕೊಳಲು ಸುಮಾರು 3 ಸೆಂಟು ಮೇಲೆ ಹೋಗುತ್ತದೆ. ಮೂರೇ ತಾನೆ ಎನ್ನಬೇಡಿ. ತಾವು ನನಗೆ ಕೊಟ್ಟ ಕೋಣೆಯಲ್ಲಿ ಎ.ಸಿ. 22ರಲ್ಲಿತ್ತು. ಶ್ರುತಿ ಮಾಡಿಕೊಂಡದ್ದು ಅಲ್ಲಿ. ನುಡಿಸಿದ್ದು ಹೊರಗಿನ ಹುಲ್ಲುಹಾಸಿನ ಮೇಲೆ, 40ರಲ್ಲಿ. ಗುಣಿಸಿ ನೋಡಿ: ಅರ್ಧ ಸ್ವರಸ್ಥಾನ! ನನ್ನ ಉಸಿರು ಎರಡೂ ಕಡೆ ಒಂದೇ ಬಿಸಿ ಇರುವುದರಿಂದ, ಬಾಯಿಯ ಹತ್ತಿರದ ಗಾಳಿ ಹೊರಗಿನ ಹವೆಗೆ ಪೂರ್ತಿ ಬಗ್ಗುವುದಿಲ್ಲ; ಹಾಗಾಗಿ ಏರಿಕೆ ಲೆಕ್ಕಕ್ಕಿಂತ ಕಡಿಮೆಯೇ ಆಗುತ್ತದೆ. ಆದರೆ ಹೆಬ್ಬೆರಳು ಒತ್ತುವವರ ಕಿವಿಗೆ ಬೀಳಲು ಅದರ ಅರ್ಧ ಸಾಕು, ಕಾಲು ಭಾಗವೂ ಸಾಕು.

ತಮ್ಮ ಗುಂಪಿನ ಎಂಜಿನಿಯರ್ ಮಹಾಶಯರು ಆಗಲೇ ವಿವರಣೆ ಕೊಟ್ಟಿದ್ದಾರೆ: ಬಿಸಿಗೆ ಬಿದಿರು ಹಿಗ್ಗುತ್ತದೆ, ಅದಕ್ಕೇ ಶ್ರುತಿ ಏರುತ್ತದೆ. ಅವರ ಪದವಿಯ ಬಗ್ಗೆ ನನಗೆ ಗೌರವವಿದೆ. ಆದರೆ ಕೊಳವೆ ಹಿಗ್ಗಿದರೆ ಉದ್ದವಾಗಬೇಕು, ಉದ್ದವಾದರೆ ಸ್ವರ ಇಳಿಯಬೇಕು. ಬಿದಿರು ಬೇಡ, ಹಿತ್ತಾಳೆಯನ್ನೇ ತೆಗೆದುಕೊಳ್ಳಿ: ಒಂದು ಮೀಟರ್ ಕೊಳವೆ 20 ಡಿಗ್ರಿ ಕಾದರೆ ಹಿಗ್ಗುವುದು ಅರ್ಧ ಮಿಲಿಮೀಟರಿಗೂ ಕಡಿಮೆ, ಇಳಿಯುವ ಸ್ವರ ಒಂದು ಸೆಂಟೂ ಇಲ್ಲ. ಗಾಳಿ ಅರವತ್ತು ಸೆಂಟು ಮೇಲಕ್ಕೆ ಎಳೆಯುವಾಗ ಲೋಹ ಒಂದು ಸೆಂಟು ಕೆಳಕ್ಕೆ ಜಗ್ಗುತ್ತದೆ. ಲೋಹದ ಪ್ರಾಮಾಣಿಕತೆಯನ್ನು ಮೆಚ್ಚೋಣ, ಫಲಿತಾಂಶ ಬದಲಾಗುವುದಿಲ್ಲ.

ಇನ್ನು ವೇದಿಕೆಯ ಮೇಲಿನ ನನ್ನ ಸಹೋದ್ಯೋಗಿಗಳ ವಿಷಯ. ಅದೇ ಬಿಸಿಲಿನಲ್ಲಿ ತಂಬೂರಿಯ ತಂತಿ ಸಡಿಲಾಗಿ ಕೆಳಗಿಳಿಯುತ್ತದೆ. ಒಣಹವೆಗೆ ತಬಲಾದ ಚರ್ಮ ಬಿಗಿದು ಮೇಲೇರುತ್ತದೆ. ಕೊಳಲಂತೂ ಹೇಳಿದೆನಲ್ಲ. ಇಷ್ಟು ಜನ ಇಷ್ಟು ದಿಕ್ಕಿಗೆ ಓಡುತ್ತಿರುವಾಗ ನಡುವೆ ಒಬ್ಬರು ಅಲುಗಾಡದೆ ಕೂತಿರುತ್ತಾರೆ: ಪೇಟಿ. ಹಾರ್ಮೋನಿಯಂನಲ್ಲಿ ಸ್ವರ ಹುಟ್ಟುವುದು ಗಾಳಿಯ ಕಂಬದಿಂದಲ್ಲ, ಹಿತ್ತಾಳೆಯ ರೀಡಿನ ಕಂಪನದಿಂದ. ಗಾಳಿ ಬಿಸಿಯೋ ತಣ್ಣಗೋ ರೀಡಿಗೆ ಹೆಚ್ಚಿನ ಪರಿವೆಯಿಲ್ಲ. ಬಹಳ ಕಾದರೆ ಹಿತ್ತಾಳೆ ತುಸು ಮೆತ್ತಗಾಗಿ ಕೆಲವೇ ಸೆಂಟು ಕೆಳಗಿಳಿಯಬಹುದು. ಈ ರೀಡುಗಳಿಗೆ ಹೆಸರಾದ ಊರು ಪಾಲಿತಾಣಾ, ಇದೇ ಗುಜರಾತಿನದು. ಜೈನರ ಶತ್ರುಂಜಯ ಬೆಟ್ಟದ ಬುಡದಲ್ಲಿ ತಯಾರಾಗುವ ವಸ್ತುವಿಗೆ ಇಷ್ಟು ಸ್ಥಿತಪ್ರಜ್ಞತೆ ಬಂದದ್ದು ಸಹಜವೇ. ಹೀಗೆ ನಾನು ಮೇಲೆ ಹೋದೆ, ಪೇಟಿ ನಿಂತಲ್ಲೇ ನಿಂತಿತು. ನಿಂತಲ್ಲೇ ನಿಂತವರು ಸರಿ, ಕದಲಿದವನು ತಪ್ಪು ಎಂದು ಸಭೆ ತೀರ್ಮಾನಿಸಿತು.

ಈ ತೀರ್ಮಾನದ ತಮಾಷೆ ಪೂರ್ತಿ ತಿಳಿಯಬೇಕಾದರೆ ಯುರೋಪಿನ ಚರ್ಚುಗಳ ದೊಡ್ಡ ಪೈಪ್ ಆರ್ಗನ್ನುಗಳ ಕಡೆ ನೋಡಬೇಕು. ಅವುಗಳಲ್ಲಿ ಎರಡು ಜಾತಿಯ ಕೊಳವೆಗಳಿವೆ. ಹೆಚ್ಚಿನವು ಕೊಳಲಿನ ಜಾತಿ, ಕೆಲವು ಮಾತ್ರ ರೀಡಿನ ಜಾತಿ. ಬೇಸಿಗೆ ಬಂದಾಗ ಕೊಳಲಿನ ಜಾತಿಯವು ಸಾವಿರಾರು ಸಂಖ್ಯೆಯಲ್ಲಿ ಒಟ್ಟಿಗೇ ಮೇಲೇರುತ್ತವೆ. ರೀಡಿನವು ಇದ್ದಲ್ಲೇ ಇರುತ್ತವೆ. ಕೇಳಿದವರು ಏನೆನ್ನುತ್ತಾರೆ? ಅಯ್ಯೋ, ರೀಡುಗಳ ಶ್ರುತಿ ಕೆಟ್ಟಿತು! ಶ್ರುತಿ ಮಾಡುವವನೂ ಬಂದು ಪಾಪ, ಕದಲದೇ ಇದ್ದ ಆ ಕೆಲವನ್ನೇ ತಿದ್ದಿ ಹೋಗುತ್ತಾನೆ, ಸಾವಿರಾರನ್ನು ಮುಟ್ಟುವುದಕ್ಕಿಂತ ಅದು ಸುಲಭ. ಅಲ್ಲಿ ಕದಲದವರು ಅಲ್ಪಸಂಖ್ಯಾತರು, ಆದ್ದರಿಂದ ತಪ್ಪಿತಸ್ಥರು. ಇಲ್ಲಿ ಕದಲಿದ ಮೇಲೆ ತಿದ್ದಿಕೊಳ್ಳಲಾಗದವನು ನಾನೊಬ್ಬನೇ, ಆದ್ದರಿಂದ ತಪ್ಪಿತಸ್ಥ. ಶ್ರುತಿಶಾಸ್ತ್ರವನ್ನು ಭರತಮುನಿಯಿಂದ ಈಚೆಗೆ ಯಾರೆಲ್ಲ ಬರೆದರೋ, ಬಹುಮತದ ಅಧ್ಯಾಯವೊಂದನ್ನು ಸೇರಿಸುವುದನ್ನು ಮರೆತರು.

ಬಿಸಿಲಿಗೂ ಶ್ರುತಿಗೂ ಸಂಬಂಧ ಕಲ್ಪಿಸಿದ್ದು ಈ ಬಡ ಕೊಳಲಿನವನ ಕುಯುಕ್ತಿ ಎಂದು ತಮಗೆ ಅನಿಸಿದರೆ ಸರ್ಕಾರಿ ಸಾಕ್ಷಿಯೂ ಇದೆ. 1859ರಲ್ಲಿ ಫ್ರಾನ್ಸ್ ಸರ್ಕಾರ ‘ಎ’ ಸ್ವರ ಸೆಕೆಂಡಿಗೆ 435 ಕಂಪನ ಎಂದು ಕಾನೂನು ಮಾಡಿದಾಗ, ಪಕ್ಕದಲ್ಲೇ 15 ಡಿಗ್ರಿ ಉಷ್ಣತೆಯಲ್ಲಿ ಎಂದು ಬರೆಯಿತು. ಸಂಗೀತ ಕಚೇರಿಯ ಸಭಾಂಗಣ ಅದಕ್ಕಿಂತ ಬೆಚ್ಚಗಿರುತ್ತದೆ, ಅಲ್ಲಿ ಊದುವ ವಾದ್ಯ ಮೇಲೇರುತ್ತದೆ ಎಂದು ಲೆಕ್ಕ ಹಾಕಿ ಲಂಡನ್ನಿನ ಫಿಲ್ಹಾರ್ಮೋನಿಕ್ ಸೊಸೈಟಿ 1896ರಲ್ಲಿ ಅದನ್ನು 439 ಮಾಡಿಕೊಂಡಿತು. ಆಮೇಲೆ ಬಂದದ್ದು ಈಗ ತಮ್ಮ ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಕೂತಿರುವ 440. ಊದುವ ವಾದ್ಯ ಮಾಡುವ ಕಂಪನಿಗಳು ಇಂದಿಗೂ ಸುಮಾರು 20 ಡಿಗ್ರಿಯ ಆಸುಪಾಸು ಹಿಡಿದೇ ಕೊಳವೆಯ ಉದ್ದ ಕತ್ತರಿಸುತ್ತವೆ. 20 ಡಿಗ್ರಿ! ಅಹಮದಾಬಾದಿನಲ್ಲಿ ಆ ಉಷ್ಣತೆ ಮೇ ತಿಂಗಳಲ್ಲಿ ಸಿಗುವುದು ಫ್ರಿಜ್ ಬಾಗಿಲು ತೆರೆದು ಮುಖ ಒಡ್ಡಿದಾಗ ಮಾತ್ರ. 2016ರ ಮೇ 20ರಂದು ಅಲ್ಲಿ ಪಾದರಸ 48 ಮುಟ್ಟಿತ್ತು. 2010ರ ಬಿಸಿಗಾಳಿಯಿಂದ ಪಾಠ ಕಲಿತು ಅಲ್ಲಿನ ಮಹಾನಗರ ಪಾಲಿಕೆ 2013ರಲ್ಲಿ ಬಿಸಿಗಾಳಿಗೆಂದೇ ಕ್ರಿಯಾಯೋಜನೆ ತಂದಿತು, ಬಣ್ಣಬಣ್ಣದ ಎಚ್ಚರಿಕೆ, ಕೂಲಿಕಾರರಿಗೆ ನೆರಳು, ಆಸ್ಪತ್ರೆಗೆ ಸೂಚನೆ, ಎಲ್ಲ ಇರುವ ಒಳ್ಳೆಯ ಯೋಜನೆ. ಅದರಲ್ಲಿ ಶಹನಾಯಿಯವರ ಉಲ್ಲೇಖ ಇಲ್ಲ ಎಂದು ದೂರುವುದು ಸಣ್ಣತನವಾದೀತು. ಆದರೆ ತಾವು ಗಟ್ಟಿಯಾಗಿ ಹಿಡಿದುಕೊಂಡಿರುವ 12 ಗಂಟೆ 39 ನಿಮಿಷದ ವಿಜಯ ಮುಹೂರ್ತ, ಚುನಾವಣೆಗೆ ನಾಮಪತ್ರ ಕೊಡುವವರಿಗೂ ಪ್ರಿಯವಾದ ಆ ಗಳಿಗೆ, ಯಾವ ಬಣ್ಣದ ಎಚ್ಚರಿಕೆಯ ದಿನ ಬರುತ್ತದೆಂದು ಒಮ್ಮೆ ಪಂಚಾಂಗದ ಪಕ್ಕದಲ್ಲಿಟ್ಟು ನೋಡಬಹುದಿತ್ತು.

ನಮ್ಮ ಹಿರಿಯರು ಇದೇ ಬಿಸಿಲಿನಲ್ಲಿ ಊದಲಿಲ್ಲವೆ ಎಂದು ತಾವು ಕೇಳುತ್ತೀರಿ. ಊದಿದರು. ನಾನಿರುವ ವಡೋದರೆಯಲ್ಲೇ ಊದಿದರು. ಗಾಯಕವಾಡರ ದರ್ಬಾರಿನಲ್ಲಿ ಕಲಾವಿದರಿಗೆಂದೇ ‘ಕಲಾವಂತ ಕಾರಖಾನೆ’ ಎಂಬ ಇಲಾಖೆ ಇತ್ತು. ಸಂಗೀತಗಾರರನ್ನು ಕಾರಖಾನೆಯಲ್ಲಿ ಇಟ್ಟ ಆ ಕಾಲದವರು ನಮ್ಮನ್ನು ಕೇಟರಿಂಗ್ ಪಟ್ಟಿಯ ಕೊನೆಗೆ ಇಟ್ಟಿರುವ ತಮಗಿಂತ ವಾಸಿ ಎಂದರೆ ಸಿಟ್ಟಾಗಬೇಡಿ. 1886ರಲ್ಲಿ ಇಲ್ಲಿ ಗಾಯನಶಾಲೆ ಕಟ್ಟಿದ ಮೌಲಾಬಕ್ಷರು ಅದಕ್ಕೂ ಮೊದಲು ದಕ್ಷಿಣಕ್ಕೆ ಹೋಗಿ ಕರ್ನಾಟಕ ಸಂಗೀತವನ್ನೂ ಕಲಿತವರು, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಗೌರವ ಪಡೆದವರು. ಆ ಶಾಲೆಯ ಮುಂದುವರಿಕೆಯಾದ ಸಂಗೀತ ಕಾಲೇಜು ಸುರಸಾಗರ ಕೆರೆಯ ಎದುರಿಗೆ ಇಂದಿಗೂ ಇದೆ. ಅದರ ಮುಂದೆ ಹಾದುಹೋಗುವಾಗ ಮೈಸೂರಿಗೂ ವಡೋದರೆಗೂ ನಂಟು ಬೆಸೆದ ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಒಂದು ಸಲಾಮು ಹಾಕುತ್ತೇನೆ. ಕನ್ನಡದ ಕೊಳಲಿನವನಿಗೆ ಈ ಊರಿನಲ್ಲಿ ಅಷ್ಟು ಹಕ್ಕು ಇದೆ.

ಹಿರಿಯರಿಗೆ ತೊಂದರೆಯಾಗದಿದ್ದ ಗುಟ್ಟು ಬೇರೆ. ಶಹನಾಯಿಯವರು ಒಬ್ಬರೇ ಬರುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಶಹನಾಯಿ ಇರುತ್ತಿತ್ತು, ಷಡ್ಜವೊಂದನ್ನೇ ಹಿಡಿದು ಊದುತ್ತಿರುವುದಷ್ಟೇ ಅದರ ಕೆಲಸ. ನಾಗಸ್ವರದವರಿಗೆ ಅದೇ ಕೆಲಸಕ್ಕೆ ‘ಒತ್ತು’ ಎಂಬ ವಾದ್ಯ. ನಮ್ಮ ಕಡೆಯ ಸನಾದಿಯವರಿಗೂ ಬದಿಯಲ್ಲಿ ಶ್ರುತಿ ಹಿಡಿಯುವ ತಮ್ಮನೋ ಮಗನೋ ಇದ್ದೇ ಇರುತ್ತಿದ್ದ. ಗಮನಿಸಿ: ಆ ಶ್ರುತಿಯೂ ಗಾಳಿಯದೇ. ಬಿಸಿಲು ಏರಿದರೆ ಮುಖ್ಯ ವಾದ್ಯವೂ ಏರಿತು, ಶ್ರುತಿಯೂ ಜೊತೆಯಲ್ಲೇ ಏರಿತು. ಇಬ್ಬರೂ ಒಟ್ಟಿಗೆ ಮುಗಿಲಿಗೆ ಹೋದರೂ ಜಗಳವಿಲ್ಲ. ಡೋಲಿಗೆ ಇದರಲ್ಲಿ ತಕರಾರಿಲ್ಲ. ಕೇಳುವವರ ಜೇಬಿನಲ್ಲಿ ಟ್ಯೂನರ್ ಇರಲಿಲ್ಲ. ಯಾವ ಸಮಸ್ಯೆಯನ್ನು ಭೌತಶಾಸ್ತ್ರ ಒಡ್ಡಿತೋ ಅದನ್ನು ಪುಸ್ತಕ ಓದದ ಜನ, ಒಬ್ಬ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಗೆಹರಿಸಿದ್ದರು. ತಾವು ಆ ಹುಡುಗನ ಊಟ, ಬಸ್ ಚಾರ್ಜು ಉಳಿಸಲು ಅವನನ್ನು ಕೈಬಿಟ್ಟಿರಿ. ಅವನ ಜಾಗಕ್ಕೆ ಕೀಬೋರ್ಡ್ ತಂದಿರಿ. ಕೀಬೋರ್ಡಿಗೆ ಬೆವರಿಲ್ಲ.

ಎಲೆಕ್ಟ್ರಾನಿಕ್ ತಂಬೂರಿಯನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. 1979ರಲ್ಲಿ ಅದನ್ನು ಮಾಡಿದವರು ಬೆಂಗಳೂರಿನ ಜಿ. ರಾಜನಾರಾಯಣ್, ಎಂಜಿನಿಯರ್ ಹೌದು, ಆದರೆ ಕೊಳಲು ವಾದಕರೂ ಹೌದು. ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ತಿರುಗಣಿ ಅಂಥ ಪೆಟ್ಟಿಗೆಗಳಲ್ಲಿ ಇರುತ್ತದೆ. ಅದನ್ನು ಕಾರ್ಯಕ್ರಮದ ನಡುವೆ ತಿರುಗಿಸಲು ಕೈಚಾಚಿದಾಗ, ಸೆಟ್ಟಿಂಗ್ ಕೆಡಿಸಬೇಡಿ ಎಂದು ಧ್ವನಿವರ್ಧಕದವನು ಗದರಿದನಲ್ಲ, ದೂರು ಅದರ ಮೇಲೆ.

ಮೆರವಣಿಗೆಯ ಬ್ಯಾಂಡಿನವರ ಪಾಡು ನನಗಿಂತ ಕಡೆ. ಜರಿಯ ಕೋಟು, ತಲೆಗೆ ಪೇಟ, ನೆತ್ತಿಯ ಮೇಲೆ ಸೂರ್ಯ. ಲಾರಿಯ ಮೇಲೆ ಕ್ಯಾಸಿಯೊ ಕೀಬೋರ್ಡು, ಕೆಳಗೆ ಟಾರು ರಸ್ತೆಯಲ್ಲಿ ಟ್ರಂಪೆಟ್ಟು, ಕ್ಲಾರಿನೆಟ್ಟು. ವರನ ಅಣ್ಣಂದಿರು ಕುಣಿಯುತ್ತಿದ್ದಾಗ ಹಾಡಿನ ನಡುವಿನ ಬಿಡುವಿನಲ್ಲಿ ಒಬ್ಬ ಟ್ರಂಪೆಟ್ಟಿನವನನ್ನು ನೋಡುತ್ತ ನಿಂತಿದ್ದೆ. ಬಿಸಿಲಿಗೆ ಕಾದ ಹಿತ್ತಾಳೆಯ ಬಾಯಿತುಂಡನ್ನು ಮೊದಲು ತೋಳಿಗೆ ಒರೆಸಿ, ನಾಲಗೆಯ ತುದಿಯಿಂದ ಮುಟ್ಟಿ ನೋಡಿ, ಆಮೇಲೆ ತುಟಿಗಿಟ್ಟ. ಹಾಗೆಯೇ ಎಡಗೈಯಿಂದ ಸ್ಲೈಡನ್ನು ಬೆರಳಗಲ ಹೊರಕ್ಕೆ ಎಳೆದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಟ್ರಂಪೆಟ್ಟಿನ ಕೊಳವೆಯ ಉದ್ದ ಸುಮಾರು 1.4 ಮೀಟರ್, 10 ಡಿಗ್ರಿ ಬಿಸಿಗೆ ಏರಿದ ಸ್ವರವನ್ನು ಇಳಿಸಲು ಎರಡೂವರೆ ಸೆಂಟಿಮೀಟರ್ ಕೂಡಿಸಬೇಕು, ಸ್ಲೈಡು ಹೋಗಿ ಬರುವ ಎರಡು ಕೊಳವೆಯದಾದ್ದರಿಂದ ಅದರರ್ಧ ಎಳೆದರೆ ಸಾಕು. ಪಕ್ಕದ ಕ್ಲಾರಿನೆಟ್ಟಿನವನಿಗೆ ಆ ಭಾಗ್ಯವೂ ಇಲ್ಲ. ಮೇಲಿನ ಕೀಲನ್ನು ತುಸು ಹೊರಗೆಳೆದರೆ ಬಾಯಿಯ ಹತ್ತಿರದ ಸ್ವರಗಳು ಜಾಸ್ತಿ ಇಳಿಯುತ್ತವೆ, ದೂರದವು ಕಡಿಮೆ. ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ನನ್ನ ಬಿದಿರಿಗಂತೂ ಎಳೆಯಲು ಏನೂ ಇಲ್ಲ. ತುಟಿಯ ಕಡೆಗೆ ಹೊರಳಿಸಿ ಅಷ್ಟೋ ಇಷ್ಟೋ ತಗ್ಗಿಸಬೇಕು, ತಗ್ಗಿಸಿದಷ್ಟು ನಾದ ಮಂಕು. ಅದನ್ನೂ ತಾವು ಗುರುತಿಸಿದ್ದಿರಿ: ಕೊಳಲಿನಲ್ಲಿ ಜೀವ ಇರಲಿಲ್ಲ ಎಂದು ಮತ್ತೊಬ್ಬರು ಬರೆದಿದ್ದರು.

ಹೀಗಿರುವಾಗ ಬಾಗಿಲಲ್ಲಿ ಶಹನಾಯಿಯವರನ್ನು ಕೂರಿಸುವ ಬದಲು ತಾವು ಸ್ಪೀಕರಿನಲ್ಲಿ ಬಿಸ್ಮಿಲ್ಲಾ ಖಾನರ ಧ್ವನಿಮುದ್ರಣ ಹಾಕುವುದರ ಹಿಂದಿನ ಜಾಣತನ ಈಗ ಅರ್ಥವಾಗುತ್ತಿದೆ. ಖಾನ್ ಸಾಹೇಬರ ಷಡ್ಜ 44 ಡಿಗ್ರಿಯಲ್ಲೂ ಕದಲದು. ಅವರಿಗೆ ನೀರು ಬೇಡ, ನೆರಳು ಬೇಡ, ಶಹನಾಯಿಯ ರೀಡಾದ ಒಣಗಿದ ಪತ್ತಿಯನ್ನು ಬಾಯಲ್ಲಿಟ್ಟು ನೆನೆಸಲು ಎರಡು ನಿಮಿಷವೂ ಬೇಡ. 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜಕುಮಾರರ ಪಾತ್ರಕ್ಕೆ ಶಹನಾಯಿ ನುಡಿಸಿಕೊಟ್ಟು ಕನ್ನಡಿಗರ ಮನೆಯವರೇ ಆಗಿಹೋದ ಅವರನ್ನು, ಗುಲಾಬ್‌ಜಾಮೂನಿನ ಕೌಂಟರಿನ ಪಕ್ಕದ ಕಂಬಕ್ಕೆ ಕಟ್ಟಿರುವುದು ಮಾತ್ರ ನೋಡಲಾಗುವುದಿಲ್ಲ.

ಹಾಗಾದರೆ ಚಳಿಗಾಲದಲ್ಲಿ ಕರೆಯುತ್ತೇವೆ ಎಂದು ತಾವು ಉದಾರವಾಗಿ ಹೇಳಬಹುದು. ಅಹಮದಾಬಾದಿನಲ್ಲಿ ಜನವರಿ 1ರಿಂದ 13ರವರೆಗೆ ಸಪ್ತಕ್ ಸಂಗೀತೋತ್ಸವ ನಡೆಯುತ್ತದೆ, ದೇಶದ ದೊಡ್ಡದೊಡ್ಡ ಕಲಾವಿದರು ಬರುತ್ತಾರೆ, ಮರುದಿನವೇ ಉತ್ತರಾಯಣ, ಊರಿಗೆ ಊರೇ ಗಾಳಿಪಟ ಹಿಡಿದು ಮಾಳಿಗೆಯ ಮೇಲೆ ಪೀಪಿ ಊದುತ್ತಿರುತ್ತದೆ (ಆ ಪ್ಲಾಸ್ಟಿಕ್ ಪೀಪಿಯ ಶ್ರುತಿಯ ಬಗ್ಗೆ ಇಂದಿನವರೆಗೂ ಯಾರೂ ದೂರಿಲ್ಲ). ಆದರೆ ಅದೇ ಹೊತ್ತಿನಲ್ಲಿ ಸಂಘದ ಕಾರ್ಯಕ್ರಮವನ್ನು ತಾವು ತೆರೆದ ಮೈದಾನದಲ್ಲಿ, ರಾತ್ರಿ ಹತ್ತರ ಮೇಲೆ ಇಡುತ್ತೀರಿ. 12 ಡಿಗ್ರಿ. ಈಗ ಕೊಳಲು ಕೆಳಗಿಳಿಯುತ್ತದೆ. ಹತ್ತು ನಿಮಿಷ ಊದಿ ಊದಿ ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡಿ ಷಡ್ಜವನ್ನು ಮೇಲೆತ್ತಿ ತರುವಷ್ಟರಲ್ಲಿ ಅಧ್ಯಕ್ಷರ ಭಾಷಣಕ್ಕೆ ವಿರಾಮ. ಭಾಷಣ ಉದ್ದವಾದಷ್ಟೂ ಬಿದಿರು ತಣ್ಣಗಾಗುತ್ತದೆ. ರಂಧ್ರಗಳನ್ನೆಲ್ಲ ಮುಚ್ಚಿ, ಸದ್ದು ಬಾರದಂತೆ ಕೊಳಲಿನೊಳಗೆ ಬಿಸಿಯುಸಿರು ಬಿಡುತ್ತ, ಶಾಲಿನೊಳಗೆ ಬಚ್ಚಿಟ್ಟುಕೊಂಡು ಕೂತಿರುತ್ತೇನೆ. ಇವರಿಗೆ ಭಾಷಣದಲ್ಲಿ ಆಸಕ್ತಿಯಿಲ್ಲ, ನಿಟ್ಟುಸಿರು ಬಿಡುತ್ತಿದ್ದಾರೆ ಎಂದು ಮುಂದಿನ ಸಾಲಿನವರು ಪಿಸುಗುಟ್ಟುವುದು ಕೇಳಿಸುತ್ತದೆ. ಎರಡನೆಯ ಮಾತೂ ಸುಳ್ಳಲ್ಲ, ಮೊದಲನೆಯದೂ ಅಲ್ಲ.

ಸೂರತ್ತಿನವರಿಗೆ ಪ್ರತ್ಯೇಕವಾಗಿ ಬರೆಯುವುದು ಹೆಚ್ಚಿಲ್ಲ. ತಮ್ಮಲ್ಲಿ ಸಮುದ್ರ ಹತ್ತಿರ, ಬಿಸಿಲು ಅಷ್ಟು ಉರಿಯುವುದಿಲ್ಲ, ಜಿಗುಟುತ್ತದೆ. ಹವೆಯಲ್ಲಿ ತೇವ ಹೆಚ್ಚಿದರೆ ಶಬ್ದ ತುಸು ಚುರುಕಾಗಿ ಓಡುವುದು ನಿಜ, ಆದರೆ ಊದುವವನ ಉಸಿರೇ ಒದ್ದೆಯಾದ್ದರಿಂದ ಕೊಳವೆಯೊಳಗೆ ಸೂರತ್ತೂ ಒಂದೇ, ಅಹಮದಾಬಾದೂ ಒಂದೇ. ಅಲ್ಲಿ ಬಿದಿರು ಸೀಳುವ ಭಯವೂ ಇಲ್ಲ. ಅಲ್ಲಿ ನೆಲೆಸಿದ ನಮ್ಮ ಕರಾವಳಿಯ ಕುಟುಂಬಗಳು ಮದುವೆಗೆಂದು ಊರಿನಿಂದ ಸ್ಯಾಕ್ಸೊಫೋನ್ ಕರೆಸಿದರಂತೂ ಇನ್ನೂ ಕ್ಷೇಮ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಆ ವಾದ್ಯವನ್ನು ಕದ್ರಿ ಗೋಪಾಲನಾಥರು ಗಮಕಕ್ಕೆ ಪಳಗಿಸಿದ ಮೇಲೆ, ಅದರ ಬಾಯಿತುಂಡನ್ನು ಕಾರ್ಕಿನ ಮೇಲೆ ಹಿಂದೆಮುಂದೆ ಸರಿಸಿ ಶ್ರುತಿ ಸೇರಿಸುವುದನ್ನು ದಕ್ಷಿಣ ಕನ್ನಡದ ಹುಡುಗರು ಮೀಸೆ ಬರುವ ಮೊದಲೇ ಕಲಿತಿರುತ್ತಾರೆ. ಅಲ್ಲದೆ ಸೂರತ್ತಿನಲ್ಲಿ ಚಳಿಗಾಲದ ಕಾರ್ಯಕ್ರಮಕ್ಕೆ ಹೋದರೆ ಪೋಂಕ್ ಸಿಗುತ್ತದೆ, ನಮ್ಮ ಧಾರವಾಡದ ಸೀತನಿ. ಅದನ್ನು ತಿನ್ನಿಸಿ ಕಳಿಸುವವರ ಮೇಲೆ ಬಹಿರಂಗ ಪತ್ರ ಬರೆಯಲು ಕೈ ಬರುವುದಿಲ್ಲ.

ಉಳಿದವರಲ್ಲಿ ಕೋರಿಕೆ ಇಷ್ಟೇ. ಎಲ್ಲಿ ನುಡಿಸಬೇಕೋ ಅಲ್ಲೇ ನನ್ನನ್ನು ಮುಕ್ಕಾಲು ಗಂಟೆ ಮೊದಲು ಕೂರಿಸಿ, ಎ.ಸಿ. ಕೋಣೆಯನ್ನು ವಧುವಿಗೇ ಬಿಡಿ. ಷಡ್ಜವನ್ನು ಎಲ್ಲರೂ ಕೊಳಲಿನಿಂದ ತೆಗೆದುಕೊಳ್ಳಲಿ, ತಂಬೂರಿಯೂ ತಬಲಾವೂ ಅದಕ್ಕೆ ಸೇರಲಿ, ಅವಕ್ಕೆ ಕಿವಿ ಹಿಂಡಿಸಿಕೊಳ್ಳುವ ಅಭ್ಯಾಸವಿದೆ. ಪೇಟಿ ಇರಲೇಬೇಕೆಂದರೆ ನಾನು ಒಂದೇ ಶ್ರುತಿಯ ಎರಡು ಕೊಳಲು ತರುತ್ತೇನೆ, ಒಂದು ಬೇಸಿಗೆಗೆಂದು ತುಸು ಉದ್ದ ಬಿಟ್ಟು ಮಾಡಿಸಿದ್ದು. ಕೀಬೋರ್ಡಿನವರಿಗೆ ಅದರ ಶ್ರುತಿ ಬದಲಿಸುವ ಗುಂಡಿ ಎಲ್ಲಿದೆ ಎಂದು ತೋರಿಸಿಕೊಡಲು ನಾನು ಸಿದ್ಧ, ಆ ಗುಂಡಿ ಖಂಡಿತ ಇದೆ. ಇವಾವುದೂ ಆಗದಿದ್ದರೆ ವಾಟ್ಸ್ಆ್ಯಪ್‌ನಲ್ಲಿ ಬರೆಯುವಾಗ ಅಪಶ್ರುತಿ ಎಂಬುದರ ಪಕ್ಕದಲ್ಲಿ ಆ ದಿನದ ಉಷ್ಣತೆಯನ್ನೂ ನಮೂದಿಸಿ, ಫ್ರಾನ್ಸ್ ಸರ್ಕಾರ ಮಾಡಿದ ಹಾಗೆ.

ಬರುವ ಮೇ ತಿಂಗಳ 12:39ರ ಮುಹೂರ್ತಕ್ಕೆ ಮತ್ತೆ ನನ್ನನ್ನೇ ಕರೆದಿದ್ದೀರಿ, ಬರುತ್ತೇನೆ. ಒಂದು ವಿಷಯ ಮಾತ್ರ. ಕೊಳಲಿನ ಶ್ರುತಿ ಡಿಗ್ರಿಗೆ 3 ಸೆಂಟಿನಂತೆ ಏರುತ್ತದೆ ಎಂದು ಮೇಲೆ ತಿಳಿಸಿದ್ದೇನೆ. ತಾವು ಕೊಡುವ ಸಂಭಾವನೆ ಪಾಲಿತಾಣಾದ ರೀಡಿನ ಜಾತಿಗೆ ಸೇರಿದ್ದು. ಈ ಎರಡರ ನಡುವಿನ ಅಪಶ್ರುತಿಯ ಬಗ್ಗೆ ಬರುವ ಭಾನುವಾರ ಫೋನಿನಲ್ಲಿ ಮಾತಾಡೋಣ. ಮುಂಗಡ ಕಳಿಸುವುದಾದರೆ ಅದಕ್ಕೂ ಮೊದಲೇ ಕಳಿಸಬಹುದು.

ಇಂತಿ,
ವಡೋದರೆಯಲ್ಲಿ ನೆಲೆಸಿರುವ ಧಾರವಾಡದ ಕೊಳಲಿನವನು